ಮಗಳ ಕೈಗೆ ಫೋನು

ಮಗಳು ಪಿ.ಯು. ಓದಲು ಹಾಸನದ ವಿದ್ಯಾರ್ಥಿನಿಲಯಕ್ಕೆ ಹೊರಟಳು. ಹೊಸ ಸ್ಮಾರ್ಟ್‌ಫೋನಿಗೆ ತಂದೆಯವರ ಸಂಬಳ ಸಾಲದು. ಪರಿಚಿತರೊಬ್ಬರ ಬಳಿಯಿದ್ದ ಹಳೆಯದನ್ನೇ ಕೊಂಡರು.

ಕಳವಿನ ಮಾಲು ಮನೆ ಸೇರಬಾರದಷ್ಟೆ! *#06# ಒತ್ತಿ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಪಡೆದರು. ಅದರ ಮುಂದೆ ‘ಕೆವೈಎಂ’ ಎಂದು ಬರೆದು 14422ಕ್ಕೆ ಕಳುಹಿಸಿ ಸಂಶಯ ಪರಿಹರಿಸಿಕೊಂಡರು. ಮಾರಿದವರ ಕೈಯಿಂದಲೇ ಅವರ ಗೂಗಲ್ ಖಾತೆಯನ್ನು ತೆಗೆಸಿದರು. ಇಲ್ಲವಾದರೆ ಎಲ್ಲವನ್ನೂ ಅಳಿಸಿದ ಮೇಲೂ ಫೋನು ಹಳೆಯ ಒಡೆಯನನ್ನೇ ಕೇಳುತ್ತದೆ.

18 ವರ್ಷ ತುಂಬದವರ ಹೆಸರಿಗೆ ಸಿಮ್ ದೊರೆಯದು. ಪ್ರಿಪೇಯ್ಡ್ ಸಿಮ್ಮಿಗೆ ಆಧಾರ್, ಭಾವಚಿತ್ರ ಎಲ್ಲವೂ ತಂದೆಯವರದೇ ಆಯಿತು. 28 ದಿನಗಳ ರೀಚಾರ್ಜೂ ಆಯಿತು.

ಉಳಿದದ್ದು ಒಂದೇ ಹೊಯ್ದಾಟ. ಫ್ಯಾಮಿಲಿ ಲಿಂಕ್ ಅಳವಡಿಸಿದರೆ ಮಗಳು ಎಲ್ಲಿರುವಳೆಂದು ಮನೆಯಿಂದಲೇ ಕಾಣಬಹುದು. ಅಳವಡಿಸುವುದೇ, ಬಿಡುವುದೇ? ಕೊನೆಗೆ ಅವಳನ್ನೇ ಕೇಳಿದರು.

“ಹಾಕಿ ಅಪ್ಪಾ, ಬೇಡವೆನ್ನುವುದಿಲ್ಲ. ಆದರೆ ಸಂಜೆ ನೀವೇ ಫೋನು ಮಾಡಿ ವಿಚಾರಿಸಿದರೆ ನನಗೆ ಹೆಚ್ಚು ಸಂತೋಷ.”

ತಂದೆಯವರು ಮಾತಿಲ್ಲದೆ ಫೋನನ್ನು ಅವಳ ಕೈಗಿತ್ತರು. ಅವಳು ಮುಖ ತಿರುಗಿಸಿ ಬೀಗದ ಅಂಕಿಗಳನ್ನು ಒತ್ತಿದಳು. ಅವರು ಇಣುಕಿ ನೋಡಲಿಲ್ಲ.