ಸಂಧಿಯಾಗದ ಎರಡು ಪದಗಳು

ಎರಡು ಪದಗಳು ಅಕ್ಕಪಕ್ಕ ನಿಂತೂ ಸಂಧಿಯಾಗದಿರುವುದನ್ನು ವೈಯಾಕರಣರು ಪ್ರಕೃತಿಭಾವವೆನ್ನುವರು. ಪಶ್ಚಿಮ ಬೆಂಗಳೂರಿನ ಬಸ್ಸೂ ಮೆಟ್ರೋವೂ ಬಹುಮಟ್ಟಿಗೆ ಹಾಗೆಯೇ ನಿಂತಿವೆ.

2021ರ ಆಗಸ್ಟಿನಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಗೆ ಮೆಟ್ರೋ ಬಂದಿತು. ಅಲ್ಲಿ ಬಸ್ ನಿಲ್ದಾಣದ ಹೆಸರನ್ನೇ ಹೊತ್ತ ಮೆಟ್ರೋ ನಿಲ್ದಾಣವೂ ಉಂಟು. ಇದು ಮೆಚ್ಚತಕ್ಕದ್ದೇ. ಆದರೆ ಬಸವೇಶ್ವರನಗರದ ಗೃಹಿಣಿಯು ರೈಲು ಹತ್ತಬೇಕಾದರೆ ವಿಜಯನಗರಕ್ಕೋ ರಾಜಾಜಿನಗರಕ್ಕೋ ಮೊದಲು ಬಸ್ಸಿನಲ್ಲಿ ಬರಬೇಕು. 2023ರ ಜೂನ್ 11ರಿಂದ ನಾಡಿನ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಮೆಟ್ರೋಗೆ ಹಣ ತೆರಬೇಕು, ಆ ದರವೂ 2025ರ ಫೆಬ್ರವರಿಯಲ್ಲಿ ಏರಿತು. ಉಳ್ಳವರು ಮೇಲಿನ ಹಳಿಯಲ್ಲಿ ಬೇಗ ಸಾಗುವರು. ಇಲ್ಲದವರು ಕೆಳಗೆ ಮೈಸೂರು ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿ ಕಾಯುವರು.

ಮಾಗಡಿ ರಸ್ತೆಗೂ ಹೊರವರ್ತುಲ ರಸ್ತೆಗೂ ಮೆಟ್ರೋ ತರುವ ಮೂರನೆಯ ಹಂತಕ್ಕೆ 2024ರಲ್ಲಿ ಕೇಂದ್ರದ ಒಪ್ಪಿಗೆ ದೊರೆತಿದೆ. ಕಂಬಗಳೇಳುವ ಮುನ್ನವೇ ಬಸ್ಸು ನಿಲ್ಲುವ ಎಡೆಯನ್ನೂ ಎರಡಕ್ಕೂ ಸಲ್ಲುವ ಒಂದೇ ಚೀಟಿಯನ್ನೂ ಗೊತ್ತುಪಡಿಸಬೇಕು.