ಡೊಂಕು ಗೋಡೆಗೆ ನೆಟ್ಟಗಿನ ಕಪಾಟು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು 1898ರ ಪ್ಲೇಗಿನ ಕಾಲದವು. ಅಲ್ಲಿ ಅಳಿದುಳಿದ ಹೆಂಚಿನ ಮನೆಯ ಅಡುಗೆಮನೆಗೆ ಕಾಲಿಟ್ಟ ಬಡಗಿ ಮೊದಲು ಕೈಗೆತ್ತಿಕೊಳ್ಳುವುದು ಮೂಲೆಮಟ್ಟ. ಗಾರೆ ಗೋಡೆಯ ಮೂಲೆ 90 ಡಿಗ್ರಿಗೆ ಕೂರುವುದು ಅಪರೂಪ. ಮೇಲೊಂದು ಅಳತೆ, ಕೆಳಗೊಂದು ಅಳತೆ.

ಕಾರ್ಖಾನೆಯ ಮಾಡ್ಯುಲರ್ ಪೆಟ್ಟಿಗೆಗಳು ಸೋಲುವುದು ಇಲ್ಲೇ. 300, 450, 600 ಮಿಲಿಮೀಟರ್ ಅಗಲದ ಲೆಕ್ಕದಲ್ಲಿ ಬರುವ ಅವನ್ನು ಸಾಲಾಗಿ ನಿಲ್ಲಿಸಿದರೆ ಪಕ್ಕದಲ್ಲಿ ನಾಲ್ಕು ಬೆರಳಿನ ಸಂದಿ ಉಳಿದೀತು. ಜಿರಳೆಗಳಿಗೆ ಅದೇ ಗೃಹಪ್ರವೇಶ!

ಅಳತೆ ಕೊಟ್ಟು ಮಾಡಿಸಿದ ಕಪಾಟಿಗೆ ಅಂಚಿನಲ್ಲಿ ಒಂದು ಪಟ್ಟಿ ಹೆಚ್ಚಾಗಿ ಬಿಟ್ಟಿರುತ್ತಾರೆ. ಗೋಡೆಯ ಡೊಂಕನ್ನು ಪೆನ್ಸಿಲಿನಿಂದ ಅದರ ಮೇಲೆ ಗುರುತಿಸಿ, ಅಷ್ಟನ್ನೇ ಕೀಸಿ ಕೂರಿಸುತ್ತಾರೆ. ಸಿಂಕಿನ ಕೆಳಗೆ ಸಾದಾ ಎಂಡಿಎಫ್ ಹಾಕಿದರೆ ನೀರು ಕುಡಿದು ಉಬ್ಬುತ್ತದೆ. ಅಲ್ಲಿಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡೇ ಸೈ. 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬುದು ಅದಕ್ಕಿರುವ ಪರೀಕ್ಷೆ.

ಇಷ್ಟಾದ ಮೇಲೂ ನೆಲದಲ್ಲಿ ಹೂತ ಒರಳುಕಲ್ಲಿನ ಪ್ರಶ್ನೆ ಉಳಿದೇ ಇರುತ್ತದೆ.

ಕೆಲವರು ಕೀಳಿಸುತ್ತಾರೆ. ಇನ್ನು ಕೆಲವರು ಆ ಜಾಗದ ಕಪಾಟಿಗೆ ತಳ ಹಾಕಿಸದೆ, ಬಾಗಿಲು ತೆರೆದರೆ ಅಜ್ಜಿಯ ಒರಳು ಕಾಣುವಂತೆ ಬಿಟ್ಟುಕೊಳ್ಳುತ್ತಾರೆ.