ಹಿಡಿದುಕೊಂಡ ಗಾಲಿ

ಇಂಡಿಯ ಲಿಂಬೆ ತೋಟವಾಗಲಿ, ಮುದ್ದೇಬಿಹಾಳದ ತೊಗರಿ ಹೊಲವಾಗಲಿ, ಒಂದು ದೊಡ್ಡ ಮಳೆ ಬಿದ್ದರೆ ಎರಿಮಣ್ಣು ಗಾಲಿಗೆ ಅಂಟಿಕೊಂಡೇ ಮನೆಗೆ ಬರುತ್ತದೆ. ಬಿಸಿಲು ಬಿದ್ದರೆ ಕಲ್ಲಾಗುತ್ತದೆ. ಓಡುವ ಗಾಲಿ ಅದನ್ನು ಕೊಡವಿಕೊಳ್ಳುತ್ತದೆ. ನಿಂತ ಗಾಲಿಗೆ ಆ ಅನುಕೂಲವಿಲ್ಲ.

ಸಿಂದಗಿಯ ನಮ್ಮ ಅಂಗಳದಲ್ಲಿ ಅಪ್ಪನ ಓಮ್ನಿ ಎರಡು ಮಳೆಗಾಲ ನಿಂತಿತ್ತು. 1984ರಿಂದ 2019ರವರೆಗೆ ತಯಾರಾದ ಈ ವ್ಯಾನು ನಮ್ಮ ಕಡೆ ಮದುವೆಗೂ ಆಸ್ಪತ್ರೆಗೂ ಓಡಿದ್ದು. ಅಪ್ಪ ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಈ ವರ್ಷ ಅವ್ವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ವಿಜಯಪುರ ಸುಮಾರು 60 ಕಿಲೋಮೀಟರ್. ಹೋಗುವಾಗ ಬಸ್ಸಿನಲ್ಲಿ ಹೇಗೋ ಕೂರುತ್ತಿದ್ದಳು, ಬರುವಾಗ ನಿಲ್ದಾಣದ ಕಟ್ಟೆಯ ಮೇಲೆ ಮಲಗಿಬಿಡುತ್ತಿದ್ದಳು. ಬಾಡಿಗೆ ಕಾರು ನನ್ನ ಫೆಲೋಶಿಪ್ಪಿಗೆ ಮೀರಿದ್ದು. ಗುಜರಿಯವನು ಆಗಲೇ ವ್ಯಾನಿಗೆ ಬೆಲೆ ಕಟ್ಟಿ ಹೋಗಿದ್ದ. ಹೊಸ ಬ್ಯಾಟರಿಗೆ ಇಂಜಿನ್ ಎದ್ದಿತು, ಹಿಂದಿನ ಎಡಗಾಲಿ ಮಾತ್ರ ಕದಲಲಿಲ್ಲ.

ಬಂದ ಮೇಸ್ತ್ರಿ ಬಸವನ ಬಾಗೇವಾಡಿ ಕಡೆಯ ಬಡಿಗೇರ ಮನೆತನದವರು. ಅವರ ತಂದೆ ಬಂಡಿ ಗಾಲಿ ಮಾಡುತ್ತಿದ್ದರಂತೆ. ನಾನು ಸುತ್ತಿಗೆ ತಂದುಕೊಟ್ಟರೆ ಬದಿಗಿಟ್ಟರು. “ಬಡಿಯೂದು ಆಮ್ಯಾಲ ತಂಗಿ. ಮೊದಲ ಎಲ್ಲಿ ಹಿಡದೈತಿ ನೋಡೂಣು.”

ಬ್ರೇಕ್ ಡ್ರಮ್ ಹಿಡಿಯುವುದು ಮೂರು ಕಡೆ. ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದರೆ ಒಳಗಿನ ಲೈನರ್ ಡ್ರಮ್ಮಿಗೆ ಅಂಟುತ್ತದೆ. ಡ್ರಮ್ ಅಚ್ಚಿನ ತುದಿಗೆ ಕೂರುವ ಜಾಗದಲ್ಲಿ ಜಂಗು ಬೆಳೆಯುತ್ತದೆ. ಜಂಗು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೂದಲೆಳೆಯ ಸಂದೂ ಬಿಗಿಯಾಗುತ್ತದೆ. ಇನ್ನು ವರ್ಷಗಟ್ಟಲೆ ಸವೆದ ಡ್ರಮ್ಮಿನ ಒಳ ಅಂಚಿನಲ್ಲಿ ದಿಂಡು ಉಳಿದು, ಹೊರಗೆಳೆಯುವಾಗ ಲೈನರಿಗೆ ಸಿಕ್ಕಿಕೊಳ್ಳುತ್ತದೆ. ಮೇಸ್ತ್ರಿ ಮೂರಕ್ಕೂ ‘ಹಿಡದೈತಿ’ ಎಂದೇ ಹೇಳಿದರು, ಮದ್ದು ಮಾತ್ರ ಮೂರು ಬಗೆ.

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿ, ಕೆಳಗೆ ಮರದ ದಿಮ್ಮಿ ಇಟ್ಟರು. ಹ್ಯಾಂಡ್‌ಬ್ರೇಕ್ ಬಿಟ್ಟು ಕೇಬಲ್ ಸಡಿಲಿಸಿದರು. ಗಾಲಿ ತೆಗೆದು, ನಡುವಿನ ಜಂಗನ್ನು ತಂತಿ ಬ್ರಷ್‌ನಿಂದ ತಿಕ್ಕಿ ಎಣ್ಣೆ ಬಿಟ್ಟು, ನಾಳೆ ಬರುತ್ತೇನೆಂದು ಹೊರಟೇಬಿಟ್ಟರು. ಮರುದಿನ ಬೋಲ್ಟುಗಳ ನಡುವೆ, ಡ್ರಮ್ಮಿನ ಮುಖದ ಮೇಲೆ ಸುತ್ತಲೂ ಹದವಾಗಿ ಬಡಿದರು. ಪೆಟ್ಟಿನ ನಡುಕಕ್ಕೆ ಜಂಗು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಅಂಚಿಗೆ ಬಡಿಯುವಂತಿಲ್ಲ: “ಬೀಡು ಐತಿ, ಸೀಳತೈತಿ.” ಮುಖದಲ್ಲಿದ್ದ ಎರಡು ಮರೆತೂತುಗಳಿಗೆ ಎರಡು ಬೋಲ್ಟ್ ಹಾಕಿ, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ಕೊಡುತ್ತ ಹೋದರು. ಒಂದೇ ಬದಿ ಬಿಗಿದರೆ ಡ್ರಮ್ ವಾಲಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

“ಬೆಂಕಿ ಕೊಟ್ಟರ ಲಗೂನ ಬರೂದಿಲ್ಲೇನ್ರಿ ಕಾಕಾ?” ಎಂದೆ. ಅವರ ತಂದೆ ಕಬ್ಬಿಣದ ಪಟ್ಟಾ ಕಾಯಿಸಿ ಹಿಗ್ಗಿಸಿ, ಮರದ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಿದ್ದರಂತೆ. ಅದೇ ವಿದ್ಯೆ ಇಲ್ಲೂ ನಡೆಯುತ್ತದೆ. ಆದರೆ ಒಳಗೆ ಬ್ರೇಕ್ ಎಣ್ಣೆಯಿದೆ, ರಬ್ಬರ್ ಸೀಲ್ ಇದೆ. ಬೇರೆ ದಾರಿ ಇರುವಾಗ ಬೆಂಕಿ ಬೇಡವೆಂದರು.

ನಾನು ಸಂಶೋಧನೆ ಮಾಡುತ್ತಿರುವುದು ಹನ್ನೆರಡನೆಯ ಶತಮಾನದ ಕಸುಬುದಾರ ವಚನಕಾರರ ಮೇಲೆ. ಬಸವಣ್ಣನ ಬಾಗೇವಾಡಿ, ಮಡಿವಾಳ ಮಾಚಿದೇವನ ದೇವರ ಹಿಪ್ಪರಗಿ ಎರಡೂ ನಮ್ಮ ಜಿಲ್ಲೆಯವೇ. ಕಾಯಕವೆಂದರೆ ದುಡಿಮೆ ಎಂದು ಓದುತ್ತ ಬಂದಿದ್ದೇನೆ. ಈ ಅಂಗಳದಲ್ಲಿ ಕಂಡ ಕಾಯಕದಲ್ಲಿ ಅರ್ಧ ಪಾಲು ಕಾಯುವುದೇ ಆಗಿತ್ತು.

ಟಕ್ ಎಂದಿತು. ಡ್ರಮ್ ಕೈಗೆ ಬಂತು. ಒಳಗಿನ ಧೂಳನ್ನು ಅವರು ಊದಲಿಲ್ಲ. ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ಕೆಟ್ಟದ್ದು ಎಂದು ಒದ್ದೆ ಬಟ್ಟೆಯಿಂದ ಒರೆಸಿದರು. ಜಂಗಿನ ಕೆಳಗೆ ಅಪ್ಪ ಇಷ್ಟು ವರ್ಷ ಬ್ರೇಕ್ ತುಳಿದು ಸವೆಸಿದ ನುಣುಪು ದಾರಿ ಕಂಡಿತು. ಅವ್ವ ಬಗ್ಗಿ ನೋಡಿದಳು, ಏನೂ ಅನ್ನಲಿಲ್ಲ.

ಎರಡೂ ಬದಿಗೆ ಹೊಸ ಲೈನರ್ ಬಿತ್ತು. ಗುಜರಿಯವನಿಗೆ ಫೋನ್ ಮಾಡಿ ಬೇಡವೆಂದೆ. ಮಳೆಯಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಬೇಕೆಂದು ಮೇಸ್ತ್ರಿ ಹೇಳಿ ಹೋದರು. ಈಗ ಆಸ್ಪತ್ರೆಯಿಂದ ಬಂದ ದಿನವೂ, ಎಷ್ಟೇ ಸುಸ್ತಾಗಿದ್ದರೂ, ಆ ಕಲ್ಲು ಬಿತ್ತೋ ಇಲ್ಲವೋ ಎಂದು ಅವ್ವನೇ ನೋಡಿ ಒಳಗೆ ಹೋಗುತ್ತಾಳೆ.